ಅಲೆಯ ಕೆಳಗೆ ಮನೆ ಮಾಡಿದ ಜೇಡ: ಡೆಸಿಸ್‌ನ ಹೆಸರು, ಮೈಕಟ್ಟು

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಒಂದು ಪುಟ್ಟ ಗಾಜಿನ ಬಾಟಲಿ ಇದೆ. ಹೆಬ್ಬೆರಳಿನಷ್ಟು ಉದ್ದ. ಒಳಗೆ ಆಲ್ಕೋಹಾಲ್, ಅದರಲ್ಲಿ ಮುಳುಗಿದ ಒಂದು ಜೇಡ. ಮೈ ಒಂದು ಸೆಂಟಿಮೀಟರ್‌ಗೂ ಕಮ್ಮಿ. ಮುಂಭಾಗ ಕೆಂಪು ಬೆರೆತ ಕಂದು, ಹೊಟ್ಟೆ ಮಾಸಲು ಬೂದು. ಮೈಮೇಲೆ ಚಿತ್ತಾರವೂ ಇಲ್ಲ, ಹೊಳಪೂ ಇಲ್ಲ. ಆದರೆ ಯಾರ ಕೈಗೆ ಕೊಟ್ಟರೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದರ ಬಾಯಿ ಯಾಕೆ ಹೀಗಿದೆ?"

ನಿಜಕ್ಕೂ ಹಾಗೇ ಇದೆ. ಮುಖದಿಂದ ಎರಡು ದಪ್ಪ ದವಡೆಗಳು ನೇರ ಮುಂದಕ್ಕೆ ಚಾಚಿವೆ. ತುದಿಯಲ್ಲಿ ಉದ್ದನೆಯ ಬಾಗಿದ ಕೋರೆಹಲ್ಲು. ಇಷ್ಟು ಸಣ್ಣ ಪ್ರಾಣಿಗೆ ಇಷ್ಟು ದೊಡ್ಡ ಇಕ್ಕಳ ಯಾಕಪ್ಪಾ ಅನ್ನಿಸುತ್ತದೆ. ಇದು ಡೆಸಿಸ್ ಎಂಬ ಕುಲದ ಜೇಡ. ಸಮುದ್ರದಲ್ಲಿ ಉಬ್ಬರ ಬಂದಾಗ ಮುಳುಗಿ, ಇಳಿತದಲ್ಲಿ ಬಯಲಾಗುವ ಪಟ್ಟಿಯಿದೆಯಲ್ಲ, ಅಲ್ಲಿ ಇದರ ಮನೆ. ದಡದ ಮೇಲೆ ಅಡ್ಡಾಡುವ ಜೇಡಗಳು ಬೇಕಾದಷ್ಟಿವೆ. ದಿನಕ್ಕೆ ಎರಡು ಸಲ ಅಲೆಯಡಿ ಮುಳುಗುವ ಜಾಗದಲ್ಲೇ ಸಂಸಾರ ಹೂಡುವವು ತೀರಾ ಕಡಿಮೆ.

ಇವತ್ತು ನಾನು ಹೇಳಬೇಕೆಂದಿರುವುದು ಈ ಮೈಯಲ್ಲಿ ಯಾವುದು ಹಿರಿಯರಿಂದ ಬಂದ ಆಸ್ತಿ, ಯಾವುದು ಕಡಲು ಕೊಟ್ಟದ್ದು ಎಂಬ ಜಗಳದ ಬಗ್ಗೆ. ಇದಕ್ಕೆ ಹೆಸರಿಟ್ಟವರು, ಇದರ ನೆಂಟರನ್ನು ಹುಡುಕಿದವರು ಎಡವಿದ್ದೆಲ್ಲ ಈ ಒಂದು ಪ್ರಶ್ನೆಯಲ್ಲೇ.

ಹೆಸರಿನ ಕಥೆಯಿಂದ ಶುರು ಮಾಡೋಣ. 1793ರಲ್ಲಿ ಡೆನ್ಮಾರ್ಕಿನ ಫ್ಯಾಬ್ರೀಷಿಯಸ್ ಒಂದು ಜೇಡಕ್ಕೆ ಮ್ಯಾಕ್ಸಿಲೋಸಾ ಎಂದು ಹೆಸರಿಟ್ಟರು. ಅಂದರೆ ದೊಡ್ಡ ದವಡೆಯವಳು. ಅವರ ಕಣ್ಣೂ ಮೊದಲು ಹೋದದ್ದು ಬಾಯಿಗೇ ನೋಡಿ! ಆಗ ಕಂಡ ಜೇಡಗಳನ್ನೆಲ್ಲ 'ಅರೇನಿಯಾ' ಎಂಬ ಒಂದೇ ಗೋಣಿಚೀಲಕ್ಕೆ ತುಂಬುವ ಕಾಲ. 1837ರಲ್ಲಿ ಫ್ರಾನ್ಸಿನ ವಾಲ್ಕೆನೇರ್ ಡೆಸಿಸ್ ಎಂಬ ಪ್ರತ್ಯೇಕ ಕುಲವನ್ನು ಕಟ್ಟಿದರು. 1895ರಲ್ಲಿ ಪೋಕಾಕ್ ಈ ಕುಲದ ಹೆಸರಿನಲ್ಲೇ ಡೆಸಿಡೇ ಎಂಬ ಕುಟುಂಬ ಮಾಡಿದರು.

ಈ ನಡುವೆ ಒಂದು ತಮಾಷೆ ನಡೆಯಿತು. 1877ರಲ್ಲಿ ನ್ಯೂಜಿಲೆಂಡಿನ ಜೇಮ್ಸ್ ಹೆಕ್ಟರ್ ಕೈಗೆ ಅಲ್ಲಿನ ಕಡಲಂಚಿನ ಜೇಡ ಸಿಕ್ಕಿತು. ಅವರು ಅದನ್ನು ಆರ್ಗಿರೊನೆಟಾ ಕುಲಕ್ಕೆ ಸೇರಿಸಿದರು. ಆರ್ಗಿರೊನೆಟಾ ಅಂದರೆ ಯುರೋಪು, ಏಷ್ಯಾದ ಕೊಳಗಳಲ್ಲಿ, ಸಿಹಿನೀರಿನೊಳಗೆ ರೇಷ್ಮೆಯ ಗಂಟೆ ಕಟ್ಟಿ, ಅದರಲ್ಲಿ ಗಾಳಿ ತುಂಬಿಕೊಂಡು ಬದುಕುವ ಜೇಡ. ಹೆಕ್ಟರ್ ಲೆಕ್ಕ ಸರಳ. ಅದೂ ನೀರೊಳಗೆ, ಇದೂ ನೀರೊಳಗೆ, ಹಾಗಾದರೆ ಅಣ್ಣ ತಮ್ಮಂದಿರೇ ಇರಬೇಕು. ಆಮೇಲೆ ಗೊತ್ತಾಯಿತು, ಇಬ್ಬರೂ ಬೇರೆ ಬೇರೆ ಮನೆತನ. ಈಗ ಅದರ ಹೆಸರು ಡೆಸಿಸ್ ಮರೀನಾ. ನಾನು ಹೆಕ್ಟರ್ ಅವರನ್ನು ನೋಡಿ ನಗುವುದಿಲ್ಲ. ಒದ್ದೆ ಬಟ್ಟೆ ಹಾಕಿದವರೆಲ್ಲ ಒಂದೇ ಮನೆಯವರ ಹಾಗೆ ಕಾಣುವುದು ಸಹಜ.

ಆರ್ಗಿರೊನೆಟಾ ಬಂದಿದ್ದಕ್ಕೆ ಒಂದು ಪಕ್ಕದ ಮಾತು. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗುವುದು 1758ರಿಂದ, ಲಿನೇಯಸ್ ಪುಸ್ತಕದಿಂದ. ಅದಕ್ಕೂ ಹಿಂದಿನ ಹೆಸರುಗಳಿಗೆ ಬೆಲೆಯಿಲ್ಲ. ಒಬ್ಬರಿಗೆ ಮಾತ್ರ ವಿನಾಯಿತಿ: ಸ್ವೀಡನ್ನಿನ ಕ್ಲರ್ಕ್. ಅವರು 1757ರಲ್ಲಿ ಪ್ರಕಟಿಸಿದ ಜೇಡಗಳ ಹೆಸರುಗಳು ಇವತ್ತಿಗೂ ಚಾಲ್ತಿಯಲ್ಲಿವೆ. ಆ ನೀರುಜೇಡದ ಹೆಸರೂ ಅವುಗಳಲ್ಲೊಂದು. ಇಡೀ ಪ್ರಾಣಿಲೋಕದಲ್ಲಿ ಈ ರಿಯಾಯಿತಿ ಸಿಕ್ಕಿದ್ದು ಜೇಡಗಳಿಗೆ ಅನ್ನುವುದು ನನಗೆ ಸುಮ್ನೆ ಖುಷಿ ಕೊಡುವ ವಿಷಯ.

ಸರಿ, ದವಡೆಗೆ ಬರೋಣ. ಜೇಡದ ಬಾಯಿಯ ಮುಂದಿನ ಈ ಜೋಡಿ ಅಂಗಕ್ಕೆ ಕೆಲಿಸೆರಾ ಎನ್ನುತ್ತಾರೆ. ಬುಡ ದಪ್ಪ ತುಂಡು, ತುದಿಯಲ್ಲಿ ವಿಷದ ಕೋರೆ. ನಾವು ದಿನಾ ನೋಡುವ ಜೇಡಗಳಲ್ಲಿ ಇದು ಸಾಮಾನ್ಯವಾಗಿ ಕೆಳಮುಖವಾಗಿ ಇಳಿಬಿದ್ದಿರುತ್ತದೆ. ಡೆಸಿಸ್‌ನಲ್ಲಿ ಮುಂದಕ್ಕೆ ಚಾಚಿರುತ್ತದೆ. ಹಾಗಾಗಿ ದೂರದಿಂದ ನೋಡಿದರೆ ಟರಾಂಟುಲಾ ಎಂಬ ದಪ್ಪ ಮೈಯ, ಕೂದಲುಳ್ಳ ಜೇಡಗಳ ಗುಂಪಿನ ಮರಿಯೇನೋ ಎಂಬ ಅನುಮಾನ ಬರುತ್ತದೆ. ಕೋರೆಗಳನ್ನು ಗಮನಿಸಿ. ಟರಾಂಟುಲಾ ಗುಂಪಿನಲ್ಲಿ ಎರಡು ಕೋರೆಗಳೂ ಅಕ್ಕಪಕ್ಕದಲ್ಲೇ ಹಿಂದಕ್ಕೆ ಮಡಚಿಕೊಳ್ಳುತ್ತವೆ, ಎರಡು ಗುದ್ದಲಿ ಒಟ್ಟಿಗೆ ಬೀಸಿದ ಹಾಗೆ. ಡೆಸಿಸ್‌ನ ಕೋರೆಗಳು ಒಂದಕ್ಕೊಂದು ಎದುರಾಗಿ ಮುಚ್ಚುತ್ತವೆ, ಇಕ್ಕಳದ ಹಾಗೆ. ಅಲ್ಲಿಗೆ ಆ ಅನುಮಾನ ಮುಗಿಯಿತು.

ಇಂಥ ದವಡೆ ಯಾಕೆ? ಊಟವನ್ನು ನೋಡಿ. ಡೆಸಿಸ್ ಬಲೆ ಹೆಣೆದು ಕಾಯುವುದಿಲ್ಲ. ಹೆಚ್ಚಾಗಿ ರಾತ್ರಿ, ನೀರು ಇಳಿದ ಹೊತ್ತಲ್ಲಿ ಹೊರಬಂದು ಬಂಡೆಯ ಸಂದಿಗಳಲ್ಲಿ ಬೇಟೆಯಾಡುತ್ತದೆ. ಸಿಗುವುದು ಆಂಫಿಪಾಡ್, ಐಸೊಪಾಡ್‌ನಂಥ ಸಣ್ಣ ಚಿಪ್ಪುಮೈಯ ಜೀವಿಗಳು. ಸೀಗಡಿ ಏಡಿಗಳ ದೂರದ ನೆಂಟರು. ಮೈಮೇಲೆ ಕವಚ ಇರುವ, ಸಂದಿಗೆ ನುಸುಳುವ ಪ್ರಾಣಿಯನ್ನು ಹಿಡಿಯಲು ಉದ್ದ ಇಕ್ಕಳ ಅನುಕೂಲ, ಅಲ್ವಾ? ಇದಕ್ಕೆ ನೆಲದ ಮೇಲೂ ಒಂದು ಸಾಕ್ಷಿ ಇದೆ. ಡಿಸ್ಡೆರಾ ಎಂಬ ಜೇಡ ಕಲ್ಲುಗಳ ಕೆಳಗೆ ಸಿಗುವ, ಮುಟ್ಟಿದರೆ ಉಂಡೆಯಾಗುವಂಥ ನೆಲದ ಐಸೊಪಾಡ್‌ಗಳನ್ನು ತಿನ್ನುತ್ತದೆ. ಅದಕ್ಕೂ ಹೀಗೇ ಮುಂಚಾಚಿದ ದೊಡ್ಡ ದವಡೆ. ಡಿಸ್ಡೆರಾಕ್ಕೂ ಡೆಸಿಸ್‌ಗೂ ಹತ್ತಿರದ ನೆಂಟಸ್ತಿಕೆ ಏನೂ ಇಲ್ಲ. ಅದಕ್ಕೆ ಕಣ್ಣು ಆರು, ಇದಕ್ಕೆ ಎಂಟು. ಅಡುಗೆ ಒಂದೇ ಆದಾಗ ಪಾತ್ರೆಯೂ ಒಂದೇ ಆಯಿತು, ಅಷ್ಟೆ. ಆದ್ದರಿಂದ ಫ್ಯಾಬ್ರೀಷಿಯಸ್ ಕಣ್ಣಿಗೆ ಬಿದ್ದ ಆ ದವಡೆಯನ್ನು ನಂಬಿ ವಂಶಾವಳಿ ಬರೆಯಲಾಗುವುದಿಲ್ಲ.

ಈಗ ಉಸಿರಾಟ. ನನಗೆ ಇದರಲ್ಲಿ ಅತಿ ಇಷ್ಟವಾದ ಭಾಗ ಇದೇ.

ಈ ಬಾಟಲಿಯ ಜೇಡ ಹೊಳೆಯುತ್ತಿಲ್ಲ ಅಂದೆನಲ್ಲ. ಜೀವಂತ ಡೆಸಿಸ್ ನೀರಿಗೆ ಇಳಿದಾಗ ಅದರ ಹೊಟ್ಟೆ ಬೆಳ್ಳಿಯ ಹಾಗೆ ಮಿನುಗುತ್ತದೆ. ಕಾರಣ ಕೂದಲು. ಹೊಟ್ಟೆಯ ಮೇಲೆ ಒತ್ತೊತ್ತಾಗಿ ಸಣ್ಣ ಸಣ್ಣ ಕೂದಲುಗಳಿವೆ. ಅವು ನೀರನ್ನು ಒಳಗೆ ಬಿಡುವುದಿಲ್ಲ. ಕೆಸುವಿನ ಎಲೆಯನ್ನು ನೀರಲ್ಲಿ ಅದ್ದಿ ನೋಡಿದ್ದೀರಾ? ಎಲೆಯ ಮೇಲೆ ಕನ್ನಡಿಯಂಥ ಪೊರೆ ಕಾಣುತ್ತದೆ, ಹೊರತೆಗೆದರೆ ಎಲೆ ಒಣಗಿಯೇ ಇರುತ್ತದೆ. ಇದೂ ಅದೇ. ಕೂದಲುಗಳ ನಡುವೆ ಗಾಳಿಯ ತೆಳು ಪದರ ಸಿಕ್ಕಿಕೊಳ್ಳುತ್ತದೆ. ಜೇಡ ಆ ಪದರದಿಂದ ಆಮ್ಲಜನಕ ಎಳೆದುಕೊಂಡಾಗ ಸುತ್ತಲಿನ ನೀರಿನಿಂದ ಒಂದಿಷ್ಟು ಆಮ್ಲಜನಕ ಪದರದೊಳಗೆ ಜಿನುಗುತ್ತದೆ. ಬಾಟಲಿಯೊಳಗೆ ಈ ಆಟ ನಡೆಯುವುದಿಲ್ಲ. ಆಲ್ಕೋಹಾಲ್ ಕೂದಲನ್ನು ಪೂರ್ತಿ ತೋಯಿಸಿಬಿಡುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಮ್ಯೂಸಿಯಂ ಕಪಾಟಿನ ಡೆಸಿಸ್‌ಗಳೆಲ್ಲ ಹೀಗೆ ಬೆಳ್ಳಿ ಅಂಗಿ ಕಳಚಿಟ್ಟ ಜೇಡಗಳೇ.

ಒಳಗಡೆಗೆ ಹೋದರೆ ಎರಡು ಬಗೆಯ ವ್ಯವಸ್ಥೆ ಇದೆ. ಹೊಟ್ಟೆಯ ಅಡಿಯಲ್ಲಿ ಒಂದು ಜೊತೆ ಪುಸ್ತಕ ಶ್ವಾಸಕೋಶ. ಪುಸ್ತಕದ ಹಾಳೆಗಳಂತೆ ಜೋಡಿಸಿದ ತೆಳು ಪದರಗಳು, ಅದಕ್ಕೇ ಆ ಹೆಸರು. ಅದರ ಜೊತೆಗೆ ಶ್ವಾಸನಾಳಗಳು, ಗಾಳಿಯನ್ನು ನೇರವಾಗಿ ಅಂಗಗಳಿಗೆ ಮುಟ್ಟಿಸುವ ಸಪೂರ ಕೊಳವೆಗಳು. ಎಷ್ಟೋ ಜೇಡಗಳಲ್ಲಿ ಈ ಕೊಳವೆಗಳು ಹೊಟ್ಟೆಯೊಳಗೇ ಮುಗಿದುಹೋಗುತ್ತವೆ. ಡೆಸಿಸ್‌ನಲ್ಲಿ ಕವಲು ಕವಲಾಗಿ ಒಡೆದು, ಸೊಂಟದ ಇಕ್ಕಟ್ಟನ್ನು ದಾಟಿ, ಕಾಲು, ಮೆದುಳು ಇರುವ ಮುಂಭಾಗದವರೆಗೂ ಹೋಗುತ್ತವೆ.

ಇಷ್ಟಾದರೂ ಮೈಮೇಲಿನ ಗಾಳಿಯ ಪದರ ಒಂದನ್ನೇ ನೆಚ್ಚಿ ಈ ಜೇಡ ಬದುಕುವುದಿಲ್ಲ. ಅದರ ನಿಜವಾದ ಜಾಣತನ ಮನೆಯಲ್ಲಿದೆ. ನ್ಯೂಜಿಲೆಂಡಿನ ಡೆಸಿಸ್ ಮರೀನಾ ಬುಲ್ ಕೆಲ್ಪ್ ಎಂಬ ದೈತ್ಯ ಕಡಲಕಳೆಯ ಬುಡದಲ್ಲಿ ಮನೆ ಮಾಡುತ್ತದೆ. ಆ ಕಳೆ ಬಂಡೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗಟ್ಟಿ ಬುಡದಲ್ಲಿ ಬೇರೆ ಜೀವಿಗಳು ಕೊರೆದ ಪೊಟರೆಗಳಿರುತ್ತವೆ. ಜೇಡ ಒಳಗೆಲ್ಲ ರೇಷ್ಮೆ ಬಳಿದು, ಪೊಟರೆಯ ಬಾಯಿಗೂ ರೇಷ್ಮೆ ಹಾಕಿಕೊಂಡು ಕೂರುತ್ತದೆ. ಉಬ್ಬರದ ನೀರು ಮೇಲೆ ಬಂದಾಗ ಒಳಗೆ ಗಾಳಿ ಉಳಿಯುತ್ತದೆ. ಮೊಟ್ಟೆಯೂ ಅಲ್ಲೇ, ಮರಿಯೂ ಅಲ್ಲೇ. ಈ ಜೇಡ ನೀರಿನಡಿ 19 ದಿನದವರೆಗೂ ಇರಬಲ್ಲದು ಎಂದು ದಾಖಲಾಗಿದೆ. ಹೇಗೆ ಸಾಧ್ಯ ಎಂದು ನೋಡಿದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ಗೂಡಿನ ಗಾಳಿ ಒಂದು ಕಾರಣ. ಇನ್ನೊಂದು, ಜೇಡ ಉಸಿರನ್ನು ಖರ್ಚು ಮಾಡುವ ರೀತಿ. ಅದರ ಆಮ್ಲಜನಕದ ಬಳಕೆ ತೀರಾ ಕಡಿಮೆ. ನೀರು ಇಳಿಯುವವರೆಗೂ ಅಲುಗಾಡದೆ, ಜಿಪುಣನ ಹಾಗೆ ಕೂತಿರುವುದು.

ಬೇರೆ ಕಡೆ ಮನೆಯ ಸಾಮಾನು ಬೇರೆ. ಬಂಡೆಗೆ ಅಂಟಿ ಬದುಕುವ ಬಾರ್ನಕಲ್ ಎಂಬ ಜೀವಿಯ ಖಾಲಿ ಚಿಪ್ಪು, ಹುಳು ಕೊರೆದ ತೂತು, ಹವಳದ ಬಿರುಕು, ಯಾವುದಾದರೂ ಆದೀತು.

ಹಾಗಾದರೆ ಇದರ ನೆಂಟರನ್ನು ಹುಡುಕುವುದು ಹೇಗೆ? ದವಡೆ ಊಟದ್ದು, ಕೂದಲು ನೀರಿನದ್ದು. ಎರಡನ್ನೂ ಪಕ್ಕಕ್ಕಿಡಿ. ಉಳಿಯುವುದು ಬರಿಗಣ್ಣಿಗೆ ಕಾಣದ ಭಾಗ.

ಗಂಡು ಜೇಡದ ಮುಖದ ಪಕ್ಕ ಕಾಲಿನಂಥ ಎರಡು ಕಿರು ಅಂಗಗಳಿವೆ, ಪೆಡಿಪಾಲ್ಪ್. ಪ್ರಾಯಕ್ಕೆ ಬಂದ ಗಂಡಿನಲ್ಲಿ ಅವುಗಳ ತುದಿ ಬಾಕ್ಸಿಂಗ್ ಗ್ಲೌಸಿನ ಹಾಗೆ ಊದಿಕೊಂಡಿರುತ್ತದೆ. ಅದರೊಳಗೆ ಸುರುಳಿ, ಕೊಕ್ಕೆ, ಸೂಜಿಯಂಥ ನಳಿಗೆ, ಎಲ್ಲ ಹೆಣ್ಣಿನೊಡನೆ ಕೂಡಲು ಬೇಕಾದ ಸಾಮಾನು. ಹೆಣ್ಣಿನ ಹೊಟ್ಟೆಯಡಿ ಅದಕ್ಕೆ ಹೊಂದುವ ಗಡಸು ತಟ್ಟೆ, ಎಪಿಜೈನ್. ಪ್ರಭೇದ ಬದಲಾದರೆ ಇವುಗಳ ಆಕಾರವೂ ಬದಲಾಗುತ್ತದೆ. ಎಪಿಜೈನ್‌ನ ಒಳಗಿನ ಕೊಳವೆಗಳನ್ನು ನೋಡಬೇಕಾದರೆ ಆ ತಟ್ಟೆಯನ್ನು ಸೂಜಿಯಿಂದ ಬಿಡಿಸಿ, ಲ್ಯಾಕ್ಟಿಕ್ ಆಸಿಡ್ ಅಥವಾ ಲವಂಗದ ಎಣ್ಣೆಯಲ್ಲಿಟ್ಟು ಪಾರದರ್ಶಕ ಮಾಡಬೇಕು. ಲವಂಗದ ಎಣ್ಣೆ ಬಳಸಿದ ದಿನ ಇಡೀ ಕೋಣೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಾಗೆ ಘಮಘಮ ಅನ್ನುತ್ತದೆ. ನನ್ನ ಕೈ ನಡುಗಿ ಒಂದು ತಟ್ಟೆ ಎಣ್ಣೆಯಲ್ಲಿ ಎಲ್ಲೋ ಕಳೆದುಹೋದದ್ದೂ ಉಂಟು. ಅರ್ಧ ದಿನ ಹುಡುಕಿದೆ. ಕೊನೆಗೆ ಸೂಜಿಯ ತುದಿಗೇ ಅಂಟಿಕೊಂಡಿತ್ತು.

ಇದರಿಂದ ಒಂದು ತೊಂದರೆಯೂ ಇದೆ. ಮರಿ ಜೇಡದಲ್ಲಿ ಈ ಅಂಗಗಳು ಬೆಳೆದಿರುವುದಿಲ್ಲ. ಹಾಗಾಗಿ ಮರಿ ಸಿಕ್ಕರೆ "ಡೆಸಿಸ್" ಎನ್ನಬಹುದು, ಯಾವ ಡೆಸಿಸ್ ಎನ್ನುವುದು ಕಷ್ಟ.

ಈಗ ಈ ಕುಲದಲ್ಲಿ ಸುಮಾರು 15 ಪ್ರಭೇದಗಳಿಗೆ ಹೆಸರಿದೆ. ಹರಡಿರುವ ನಕ್ಷೆ ನೋಡಿದರೆ ತಲೆ ತಿರುಗುತ್ತದೆ. ದಕ್ಷಿಣ ಆಫ್ರಿಕಾದ ತೀರದಲ್ಲಿ ಫಾರ್ಮಿಡಾಬಿಲಿಸ್, ಜಾಂಜಿಬಾರ್ ಕಡೆ ಕ್ರಾಸ್‌ಲ್ಯಾಂಡಿ. ಲಕ್ಷದ್ವೀಪದ ಗಾರ್ಡಿನೆರಿಗೆ 1904ರಲ್ಲಿ ಪೋಕಾಕ್ ಹೆಸರಿಟ್ಟರು. ಭಾರತದ್ದೇ ಇನ್ನೊಂದು ಇನರ್ಮಿಸ್, 1927ರಲ್ಲಿ ಗ್ರೇವ್ಲಿ ವಿವರಿಸಿದ್ದು. ಇನರ್ಮಿಸ್ ಅಂದರೆ ಲ್ಯಾಟಿನ್‌ನಲ್ಲಿ ಆಯುಧ ಇಲ್ಲದ್ದು ಎಂದರ್ಥ. ಈ ದವಡೆ ಇಟ್ಟುಕೊಂಡು ಆ ಹೆಸರು! ಮುಂದೆ ಸಿಂಗಾಪುರ, ಜಪಾನ್, ಸಮೋವಾ, ಆಸ್ಟ್ರೇಲಿಯಾ, ಪೆಸಿಫಿಕ್ ದಾಟಿ ಗಲಪಗೋಸ್‌ವರೆಗೂ ಇವೆ.

2017ರಲ್ಲಿ ಬಂದ ಪ್ರಭೇದದ ಹೆಸರು ನೀವೂ ಕೇಳಿರಬಹುದು: ಡೆಸಿಸ್ ಬಾಬ್‌ಮಾರ್ಲಿ. ಬಾರ್ಬರಾ ಬೇರ್, ರಾಬರ್ಟ್ ರೇವನ್, ಡ್ಯಾನಿಲೋ ಹಾರ್ಮ್ಸ್ ಎಂಬ ಮೂವರು ಇಟ್ಟದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತೀರದಲ್ಲಿ, ಇಳಿತದ ಹೊತ್ತಲ್ಲಿ, ಮೆದುಳಿನ ಹಾಗೆ ಸುಕ್ಕುಗಟ್ಟಿದ ಹವಳದ ಮೇಲೆ ಸಿಕ್ಕಿದ ಜೇಡ. ಉಬ್ಬರ ಇಳಿತಗಳನ್ನು ಹಾಡಿದ ಬಾಬ್ ಮಾರ್ಲಿಯ ನೆನಪಿಗೆ ಆ ಹೆಸರು. ಪತ್ರಿಕೆಗಳು ಹೆಸರನ್ನಷ್ಟೇ ಎತ್ತಿಕೊಂಡವು. ಆ ಮೂವರು ಅದೇ ಸಂಶೋಧನಾ ಲೇಖನದಲ್ಲಿ 1872ರಲ್ಲಿ ಹೆಸರಾದ ಸಮೋವಾದ ಹಳೆಯ ಪ್ರಭೇದ ವೊರಾಕ್ಸ್ ಅನ್ನು ಮತ್ತೆ ಸರಿಯಾಗಿ ವಿವರಿಸಿದ್ದಾರೆ. ನನ್ನ ಪ್ರಕಾರ ಹೆಚ್ಚು ಬೆವರು ಸುರಿಯುವುದು ಆ ಕೆಲಸಕ್ಕೇ. ಹಳೆಯದನ್ನು ಬಿಗಿ ಮಾಡದೆ ಹೊಸದನ್ನು ಹೊಸದು ಎನ್ನಲು ಆಗುವುದಿಲ್ಲವಲ್ಲ.

ಇನ್ನು ಡಿಎನ್‌ಎ. ಅದೇ 2017ರಲ್ಲಿ ಜೇಡಗಳ ದೊಡ್ಡ ವಂಶವೃಕ್ಷವೊಂದು ಪ್ರಕಟವಾಯಿತು. ಅದರ ಪ್ರಕಾರ ಡೆಸಿಡೇ ಕುಟುಂಬ ಉಬ್ಬಿತು, ಆಂಫಿನೆಕ್ಟಿಡೇ ಎಂಬ ಇನ್ನೊಂದು ಕುಟುಂಬವೇ ಇದರಲ್ಲಿ ಕರಗಿತು. ಕಡಲ ಜೇಡದ ಹೆಸರು ಹೊತ್ತ ಈ ಕುಟುಂಬದಲ್ಲಿ ಬಹುಪಾಲು ಸದಸ್ಯರು ನೆಲದವರು. ಆಸ್ಟ್ರೇಲಿಯಾದ ಮನೆಗಳ ಕಿಟಕಿ ಮೂಲೆಯಲ್ಲಿ ಜೂಲುಜೂಲು ಬಲೆ ಕಟ್ಟುವ ಬಡುಮ್ನಾ ಎಂಬ ಜೇಡವೂ ಇದೇ ಕುಟುಂಬ. ಮತ್ತೊಂದು ಕಡೆ, ಹವಳದ ಚೂರುಗಳ ಕೆಳಗೆ, ಅಲೆಯ ಪಟ್ಟಿಯಲ್ಲೇ ಬದುಕುವ ಪ್ಯಾರಥ್ಯೂಮಾ ಹಿಂದೆ ಡೆಸಿಡೇಯಲ್ಲಿತ್ತು, ಈಗ ಹೊರಗೆ ಹೋಗಿದೆ. ಪಕ್ಕದಲ್ಲೇ ನೆನೆಯುವವ ನೆಂಟನಲ್ಲ, ಕಿಟಕಿಯಲ್ಲಿ ಒಣಗಿ ಕೂತವ ನೆಂಟ.

ಡೆಸಿಸ್‌ಗಳು ದ್ವೀಪದಿಂದ ದ್ವೀಪಕ್ಕೆ ಹೇಗೆ ಹೋದವು ಎಂದು ಕೇಳುತ್ತೀರಿ. ಕಡಲ ಸಿಂಚನ ಬೀಳುವಷ್ಟು ಎತ್ತರದಲ್ಲಿ ಬದುಕುವ ಅಮರೋಬಿಯಾಯಿಡಿಸ್ ಎಂಬ ಬೇರೊಂದು ಜೇಡದ ಮೇಲೆ 2016ರಲ್ಲಿ ಒಂದು ಅಧ್ಯಯನ ಬಂತು. ದಕ್ಷಿಣ ಅಮೆರಿಕದಿಂದ ಹೊರಟು, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹಾದು, ಅದು ಸುಮಾರು 80 ಲಕ್ಷ ವರ್ಷಗಳಲ್ಲಿ ಭೂಮಿಯನ್ನೇ ಸುತ್ತಿ ಚಿಲಿಗೆ ವಾಪಸಾಗಿದೆ. ಕಿತ್ತುಬಂದ ಕೆಲ್ಪ್ ತೆಪ್ಪದ ಹಾಗೆ ತೇಲುತ್ತದೆ. ಅದರ ಬುಡದಲ್ಲಿ ರೇಷ್ಮೆ ಕೋಣೆ ಕಟ್ಟಿ, ದಿನಗಟ್ಟಲೆ ಉಸಿರು ಉಳಿಸಬಲ್ಲ ಜೇಡ ಕೂತಿದ್ದರೆ ಪ್ರಯಾಣಕ್ಕೆ ಅರ್ಧ ತಯಾರಿ ಆದಂತೆಯೇ. ಡೆಸಿಸ್ ವಿಷಯದಲ್ಲಿ ಇದು ನನ್ನ ಊಹೆ, ಸಾಕ್ಷಿ ಅಲ್ಲ.

ನನ್ನ ಮಾತು ಇಷ್ಟೇ. ಮೈಕ್ರೋಸ್ಕೋಪ್ ಆನ್ ಮಾಡಿ ಇಟ್ಟಿದ್ದೇನೆ. ಒಬ್ಬೊಬ್ಬರೇ ಬನ್ನಿ. ಜೇಡವನ್ನು ಅಂಗಾತ ಮಲಗಿಸಿದ್ದೇನೆ, ದವಡೆ ಕಾಣುವುದಿಲ್ಲ. ಹೊಟ್ಟೆಯ ಅಡಿ, ಸೊಂಟದ ಸ್ವಲ್ಪ ಕೆಳಗೆ, ಕಂದು ಬಣ್ಣದ ಒಂದು ಪುಟ್ಟ ತಟ್ಟೆ ಕಾಣುತ್ತದೆ. ಅಲ್ಲಿ ನೋಡಿ.