ದುಡ್ಡು ಕೊಡುವವರು ಒಬ್ಬರು, ಮಾಲು ಬಳಸುವವರು ಇನ್ನೊಬ್ಬರು

ಕೇಳುಗರಿಗೆ ನಮಸ್ಕಾರ.

ಪೀಣ್ಯದಲ್ಲೋ, ಬೆಳಗಾವಿಯಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ವರ್ಕ್‌ಶಾಪ್ ಇಟ್ಟುಕೊಂಡು, ವರ್ಷಕ್ಕೆ ನಾಲ್ಕಾರು ಸಲ ಹೊರದೇಶಕ್ಕೆ ಮಾಲು ಕಳಿಸುವವರು ಈಗ ರೇಡಿಯೊ ಹಾಕಿಕೊಂಡು ಕೂತಿದ್ದರೆ, ಈ ಮಾತು ನಿಮಗೇ. ರಫ್ತು ನಿಯಂತ್ರಣ, ನಿರ್ಬಂಧ ಎಂದ ಕೂಡಲೇ “ಅದೆಲ್ಲ ಕ್ಷಿಪಣಿ ಮಾಡುವವರಿಗೆ, ನಾವು ಬೇರಿಂಗು, ವಾಲ್ವು ಮಾಡುವವರು” ಅನ್ನುತ್ತೀರಿ. ಅಧಿಕಾರಿಗಳು ಈಗ ಹುಡುಕುತ್ತಿರುವುದೇ ಬೇರಿಂಗನ್ನು.

2022ರ ಫೆಬ್ರುವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾಯಿತಲ್ಲ, ಅಲ್ಲಿ ಬಿದ್ದ ರಷ್ಯಾದ ಡ್ರೋನು, ಕ್ಷಿಪಣಿಗಳನ್ನು ಬಿಚ್ಚಿ ನೋಡಿದರು. ಒಳಗೆ ಸಿಕ್ಕಿದ್ದು ಬಹಳಷ್ಟು ಅಂಗಡಿಯಲ್ಲಿ ಸಿಗುವ ಮಾಮೂಲಿ ಚಿಪ್ಪುಗಳು. ಅಮೆರಿಕ, ಯುರೋಪ್ ಒಕ್ಕೂಟ, ಬ್ರಿಟನ್, ಜಪಾನ್ ಕೂತು, ರಷ್ಯಾಕ್ಕೆ ಹೋಗದಂತೆ ತಡೆಯಬೇಕಾದ 50 ಎಚ್.ಎಸ್. ಕೋಡುಗಳ ಒಂದು ಪಟ್ಟಿ ಮಾಡಿದವು. ಎಚ್.ಎಸ್. ಕೋಡು ಎಂದರೆ ಕಸ್ಟಮ್ಸಿನವರು ಮಾಲಿನ ಬಗೆ ಗುರುತಿಸುವ ಅಂಕಿ. ಮೊದಲ ಸಾಲಿನಲ್ಲಿ ಇಂಟಿಗ್ರೇಟೆಡ್ ಸರ್ಕ್ಯೂಟುಗಳು, 8542ರಿಂದ ಶುರುವಾಗುವ ಕೋಡುಗಳು. ಕೆಳಗೆ ಬನ್ನಿ: 8482, ಬಾಲ್ ಬೇರಿಂಗು, ರೋಲರ್ ಬೇರಿಂಗು. ಇನ್ನೂ ಕೆಳಗೆ 8457, ಸಿ.ಎನ್.ಸಿ. ಮಶಿನಿಂಗ್ ಸೆಂಟರು, ಅಂದರೆ ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರ. ನಿಮ್ಮ ಶಿಪ್ಪಿಂಗ್ ಬಿಲ್ ತೆಗೆದು ಅದರಲ್ಲಿರುವ ಕೋಡಿನ ಮೊದಲ ಆರು ಅಂಕಿ ಓದಿ. ಇವತ್ತೇ ಓದಿ.

2024ರ ಅಕ್ಟೋಬರ್ 30ರಂದು ಅಮೆರಿಕ, ರಷ್ಯಾಕ್ಕೆ ನೆರವಾದರೆಂದು ಒಂದೇ ದಿನ ಸುಮಾರು 400 ಹೆಸರುಗಳನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ಅದರಲ್ಲಿ 19 ಭಾರತೀಯ ಕಂಪನಿಗಳಿದ್ದವು. ಇವರು ನಮ್ಮ ದೇಶದ ಕಾನೂನು ಮುರಿದಂತಿಲ್ಲ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳಿತು. ಇರಲಿ. ಆದರೆ ಆ ಪಟ್ಟಿಗೆ ಹೆಸರು ಬಿದ್ದವರಿಗೆ ಡಾಲರ್ ವ್ಯವಹಾರ ಮುಗಿಯಿತು. ನಮ್ಮ ಕಾನೂನು ಮುರಿದಿಲ್ಲ ಅನ್ನುವ ಕಾಗದ ಬ್ಯಾಂಕಿನ ಕೌಂಟರಿನಲ್ಲಿ ನಡೆಯುವುದಿಲ್ಲ.

ನಾನು ಹೇಳಬೇಕಾದದ್ದು ಒಂದೇ. ಆರ್ಡರ್ ಬಂದಾಗ “ದುಡ್ಡು ಯಾರು ಕೊಡುತ್ತಾರೆ?” ಎಂದು ನಾವು ತಪ್ಪದೆ ಕೇಳುತ್ತೇವೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಮಾಲನ್ನು ಕೊನೆಗೆ ಬಳಸುವವರು ಯಾರು?

ಇದಕ್ಕೆ ನನ್ನ ಪ್ರೀತಿಯ ಉದಾಹರಣೆ ಹಳೆಯದು, 2003ರದ್ದು. ಸ್ಪಾರ್ಕ್ ಗ್ಯಾಪ್ ಅಂತ ಒಂದು ಬಿಡಿಭಾಗ ಇದೆ. ನೋಡಲು ದಪ್ಪನೆಯ ದಾರದ ರೀಲಿನ ಹಾಗೆ. ಕ್ಷಣಮಾತ್ರದಲ್ಲಿ ಭಾರೀ ವಿದ್ಯುತ್ತನ್ನು ಹಾಯಿಸುವುದು ಅದರ ಕೆಲಸ. ಮೂತ್ರಪಿಂಡದ ಕಲ್ಲನ್ನು ಹೊಟ್ಟೆ ಕೊಯ್ಯದೆ ಒಡೆಯುವ ಯಂತ್ರದಲ್ಲಿ ಅದು ಬೇಕು. ಅಣುಬಾಂಬ್ ಸಿಡಿಸುವುದಕ್ಕೂ ಅದೇ ಬೇಕು. ದಕ್ಷಿಣ ಆಫ್ರಿಕದ ಕೇಪ್ ಟೌನಿನ ಒಬ್ಬ ವ್ಯಾಪಾರಿಗೆ ಪಾಕಿಸ್ತಾನದಿಂದ ಬೇಡಿಕೆ ಬಂತು: 200 ಬೇಕು. ಅವನು ಮೊದಲು ಅದನ್ನು ತಯಾರಿಸುವ ಅಮೆರಿಕದ ಕಂಪನಿಯ ಯುರೋಪಿನ ಪ್ರತಿನಿಧಿಯನ್ನು ಕೇಳಿದ. ಅವರು ಲೈಸೆನ್ಸು ಬೇಕು, ಮಾಲನ್ನು ಯಾರು, ಯಾತಕ್ಕೆ ಬಳಸುತ್ತಾರೆ ಎಂದು ಹೇಳುವ ಬಳಕೆದಾರರ ಪ್ರಮಾಣಪತ್ರ ಬೇಕು ಎಂದರು. ಆಗುವುದಿಲ್ಲ ಎಂದು ಪಾಕಿಸ್ತಾನದ ಪಾರ್ಟಿಗೆ ಬರೆದ. ಹೇಗಾದರೂ ಮಾಡಿ ಎಂದು ಅಲ್ಲಿಂದ ಉತ್ತರ ಬಂತು. ಆಮೇಲೆ ಅಮೆರಿಕದ ನ್ಯೂಜೆರ್ಸಿಯ ಒಬ್ಬ ಮಧ್ಯವರ್ತಿಯ ಮೂಲಕ ಆರ್ಡರ್ ಹಾಕಿಸಿದ, ದಕ್ಷಿಣ ಆಫ್ರಿಕದ ಸೊವೆಟೊದ ಒಂದು ಆಸ್ಪತ್ರೆಗೆ ಎಂದು. ಅಮೆರಿಕದಿಂದ ದಕ್ಷಿಣ ಆಫ್ರಿಕಕ್ಕಾದರೆ ಆ ವಸ್ತುವಿಗೆ ಲೈಸೆನ್ಸೇ ಬೇಕಾಗಿರಲಿಲ್ಲ, ನೋಡಿ. ಪಾಕಿಸ್ತಾನಕ್ಕೆ ಬೇಕಿತ್ತು.

ಈಗ ಲೆಕ್ಕ ಹಾಕಿ. ಒಂದು ಆಸ್ಪತ್ರೆ ಕೊಳ್ಳುವುದಾದರೆ ಐದೋ ಆರೋ. ಇವನು ಕೇಳಿದ್ದು ಇನ್ನೂರು! ಸೊವೆಟೊದಲ್ಲಿ ಅಷ್ಟೊಂದು ಕಲ್ಲುಗಳಿದ್ದವೇ?

ಗುಟ್ಟು ತಿಳಿದ ಯಾರೋ ಒಬ್ಬರು ಹೆಸರು ಹೇಳದೆ ಅಮೆರಿಕದ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ್ದರು. ಅವರು ತಯಾರಕರ ಜೊತೆ ಮಾತಾಡಿ, ಮೊದಲ ಕಂತಿನ 66 ಸ್ಪಾರ್ಕ್ ಗ್ಯಾಪುಗಳನ್ನು ಕೆಡಿಸಿ, ಏನೂ ಗೊತ್ತಿಲ್ಲದವರ ಹಾಗೆ ಕಳಿಸಿಕೊಟ್ಟರು. ಪೆಟ್ಟಿಗೆ ಕೇಪ್ ಟೌನ್ ಮುಟ್ಟಿತು. ಅಲ್ಲಿ ಅದಕ್ಕೆ ಬೇರೆ ಹೆಸರಿನ ಚೀಟಿ ಅಂಟಿತು. ಅಲ್ಲಿಂದ ದುಬೈ, ದುಬೈಯಿಂದ ಇಸ್ಲಾಮಾಬಾದ್. ಆಸ್ಪತ್ರೆಯ ಬಾಗಿಲನ್ನು ಅದು ನೋಡಲೇ ಇಲ್ಲ. 2004ರ ಹೊಸ ವರ್ಷದ ದಿನ ಆ ವ್ಯಾಪಾರಿ ರಜೆಗೆಂದು ಅಮೆರಿಕಕ್ಕೆ ಬಂದಿಳಿದಾಗ ಡೆನ್ವರ್ ವಿಮಾನ ನಿಲ್ದಾಣದಲ್ಲೇ ಹಿಡಿದರು. ಮೂರು ವರ್ಷ ಜೈಲಾಯಿತು.

ಇಪ್ಪತ್ತು ವರ್ಷದ ಹಿಂದಿನ ಆ ದಾರಿಯೇ ಇವತ್ತು ರಷ್ಯಾಕ್ಕೆ ಮಾಲು ಹೋಗುವ ದಾರಿ. ದುಬೈ ಹಾಗೇ ಇದೆ, ಬೇರೆ ನಿಲ್ದಾಣಗಳ ಹೆಸರು ಬದಲಾಗಿವೆ: ಇಸ್ತಾಂಬುಲ್, ಹಾಂಗ್‌ಕಾಂಗ್, ಬಿಶ್ಕೆಕ್. ನಿಮ್ಮ ಪಾರ್ಟಿಯ ಕಂಪನಿ ಹುಟ್ಟಿದ್ದು ಯಾವಾಗ ನೋಡಿ. 2022ರ ಮಾರ್ಚಿನ ನಂತರ ಹುಟ್ಟಿದ್ದಾದರೆ ಒಂದು ಪ್ರಶ್ನೆ ಜಾಸ್ತಿ ಕೇಳಿ. ಬಿಲ್ಲಿನಲ್ಲಿ ಮಾಲು ಪಡೆಯುವವರ ಜಾಗದಲ್ಲಿ ಸಾಗಣೆ ಏಜೆಂಟನ ಹೆಸರಿದೆಯೇ? ಆತ ಮಾಲು ಬಳಸುವವನಲ್ಲ. ಲಕ್ಷಾಂತರ ರೂಪಾಯಿಯ ಸಿ.ಎನ್.ಸಿ. ಯಂತ್ರ ಕೊಂಡವರು “ಕೂರಿಸುವುದಕ್ಕೆ ನಿಮ್ಮವರು ಬರುವುದು ಬೇಡ, ವಾರಂಟಿಯೂ ಬೇಡ” ಎಂದರೆ ಸಂತೋಷಪಡಬೇಡಿ. ಆ ಯಂತ್ರ ಕೂರುವ ಊರು ನಿಮಗೆ ಹೇಳಿದ ಊರಲ್ಲದಿರಬಹುದು.

ಹುಬ್ಬಳ್ಳಿಯ ವಾಲ್ವಿನವರಿಗೆ ಬೇರೆಯಾಗಿ ಹೇಳಬೇಕು. ಲೈಸೆನ್ಸಿಲ್ಲದೆ ಹೊರದೇಶಕ್ಕೆ ಕಳಿಸಬಾರದ ಮಾಲುಗಳಿಗೆ ನಮ್ಮದೇ ಸರ್ಕಾರದ ಪಟ್ಟಿ ಇದೆ, ಸ್ಕೊಮೆಟ್ ಅಂತ. ಡಿ.ಜಿ.ಎಫ್.ಟಿ., ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ನೋಡಿಕೊಳ್ಳುತ್ತದೆ. ಭಾರತ 2018ರಲ್ಲಿ ಆಸ್ಟ್ರೇಲಿಯ ಗ್ರೂಪ್ ಸೇರಿದೆ. ರಾಸಾಯನಿಕ ಅಸ್ತ್ರಕ್ಕೆ ನೆರವಾಗುವ ಸಾಮಾನು ತಡೆಯುವ ದೇಶಗಳ ಕೂಟ ಅದು. ಅದರ ಅಳತೆ ಹೀಗೆ: ವಾಲ್ವಿನ ಸೈಜು 10 ಮಿಲಿಮೀಟರಿಗಿಂತ ಹೆಚ್ಚಿದ್ದು, ದ್ರವ ತಾಗುವ ಭಾಗವೆಲ್ಲ ಆಮ್ಲಕ್ಕೆ ಜಗ್ಗದ ವಸ್ತುವಿನದಾಗಿದ್ದರೆ ಅದು ನಿಯಂತ್ರಿತ. ಎರಕದ ಕಬ್ಬಿಣದ್ದು ಬರುವುದಿಲ್ಲ. 316 ಸ್ಟೀಲಿನದ್ದೂ ಬರುವುದಿಲ್ಲ, ಅದರಲ್ಲಿ ನಿಕಲ್ ಶೇ 10ರಿಂದ 14. ನಿಕಲ್ ಶೇ 25, ಕ್ರೋಮಿಯಂ ಶೇ 20 ದಾಟಿದ ಮಿಶ್ರಲೋಹವಾದರೆ ಬರುತ್ತದೆ. ಟೈಟಾನಿಯಂ ಬರುತ್ತದೆ. ಗಾಜಿನ ಲೈನಿಂಗ್ ಬರುತ್ತದೆ. ಕೊನೆಯದು ಎಲ್ಲರೂ ಮರೆಯುವಂಥದ್ದು: ಟೆಫ್ಲಾನ್ ಲೈನಿಂಗ್ ಬರುತ್ತದೆ. ಫ್ಲೋರಿನ್ ತೂಕದಲ್ಲಿ ಶೇ 35 ಮೀರಿದ ಪಾಲಿಮರ್ ಆದರೆ ನಿಯಂತ್ರಿತ ಅನ್ನುತ್ತದೆ ನಿಯಮ. ಟೆಫ್ಲಾನಿನಲ್ಲಿ ಶೇ 76ರಷ್ಟಿದೆ. “ಅದೇ ಡ್ರಾಯಿಂಗು ಸಾರ್, ಲೈನಿಂಗ್ ಮಾತ್ರ ಹಾಕಿದ್ದೇವೆ” ಅನ್ನುತ್ತಾರೆ. ಲೈಸೆನ್ಸು ಬೇಕೋ ಬೇಡವೋ ಅನ್ನುವುದು ಆ ಲೈನಿಂಗಿನಲ್ಲೇ ಇದೆ, ಸ್ವಾಮಿ.

ಲೈಸೆನ್ಸಿಗೆ ಅರ್ಜಿ ಡಿ.ಜಿ.ಎಫ್.ಟಿ. ಜಾಲತಾಣದಲ್ಲೇ. ಪರ್ಚೇಸ್ ಆರ್ಡರ್, ತಾಂತ್ರಿಕ ವಿವರ, ಬಳಕೆದಾರರ ಪ್ರಮಾಣಪತ್ರ ಲಗತ್ತಿಸಬೇಕು. ಕೊಳ್ಳುವವರದ್ದೊಂದೇ ಸಾಲದು, ನಡುವೆ ಎಷ್ಟು ಕೈ ಇದೆಯೋ ಅಷ್ಟೂ ಜನರದ್ದು, ಅವರವರ ಲೆಟರ್‌ಹೆಡ್ಡಿನಲ್ಲಿ. ಅರ್ಜಿಗಳು ತಡವಾಗುವುದು ಹೆಚ್ಚಾಗಿ ಇಲ್ಲೇ: ಆರ್ಡರಿನಲ್ಲಿ ಒಂದು ಪ್ರಮಾಣ, ಪ್ರಮಾಣಪತ್ರದಲ್ಲಿ ಇನ್ನೊಂದು. ಅಥವಾ ಬಳಕೆ ಏನು ಎಂದರೆ “ಕೈಗಾರಿಕೆಗೆ” ಎಂಬ ಒಂದೇ ಪದ. ಯಾವ ಕಾರ್ಖಾನೆ, ಯಾವ ಘಟಕ, ಯಾವ ದ್ರವ ಹರಿಯುತ್ತದೆ, ಬರೆಸಿ. ಲೈಸೆನ್ಸಿಲ್ಲದೆ ಹೋದರೆ ದಂಡ ಬೀಳುತ್ತದೆ. ಪಟ್ಟಿಯಲ್ಲಿಲ್ಲದ ಮಾಲಾದರೂ, ಅದು ಭಾರೀ ವಿನಾಶದ ಅಸ್ತ್ರಕ್ಕೆ ಹೋಗುತ್ತದೆ ಎಂದು ನಿಮಗೆ ಗೊತ್ತಿದ್ದರೆ ಲೈಸೆನ್ಸು ಬೇಕೇ ಬೇಕು.

ಗಡಿಯಾರ ನೋಡಿದರೆ ಇನ್ನೊಂದೇ ನಿಮಿಷ ಇದೆ. ನಿಮ್ಮ ಯಂತ್ರದಲ್ಲಿ ಅಮೆರಿಕದ ನಿಯಂತ್ರಿತ ಬಿಡಿಭಾಗಗಳ ಬೆಲೆ ಶೇ 25 ದಾಟಿದರೆ ಆ ದೇಶದ ಕಾನೂನು ಯಂತ್ರದ ಜೊತೆಗೇ ಹೋಗುತ್ತದೆ. ಇರಾನಿನಂಥ ದೇಶಕ್ಕಾದರೆ ಶೇ 10 ಸಾಕು. ಯುರೋಪಿನಿಂದ ಬಿಡಿಭಾಗ ತರಿಸುವವರು ಒಪ್ಪಂದದಲ್ಲಿ “ರಷ್ಯಾಕ್ಕೆ ಮರುಮಾರಾಟ ಇಲ್ಲ” ಎಂಬ ಸಾಲು ಇದೆಯೇ ಓದಿ, 2024ರ ಮಾರ್ಚಿನಿಂದ ಕೆಲವು ಬಗೆಯ ಮಾಲಿಗೆ ಅದನ್ನು ಸೇರಿಸುತ್ತಿದ್ದಾರೆ. ಕಾಗದಪತ್ರ ಐದು ವರ್ಷ ಇಡಬೇಕು ಅನ್ನುತ್ತದೆ ನಮ್ಮ ನಿಯಮ. ಅಮೆರಿಕ 2025ರ ಮಾರ್ಚಿನಿಂದ ತನ್ನ ನಿರ್ಬಂಧಗಳಿಗೆ ಹತ್ತು ವರ್ಷ ಮಾಡಿದೆ. ಹತ್ತು ವರ್ಷ ಇಡಿ, ಬೀರುವಿನಲ್ಲಿ ಜಾಗ ಮಾಡಿ. ಬಳಕೆದಾರರ ಬಗ್ಗೆ ನೀವು ಕೇಳಿದ ಮೇಲ್, ಅವರು ಕೊಟ್ಟ ಉತ್ತರ, ಎರಡನ್ನೂ ಅದೇ ಫೈಲಿಗೆ ಹಾಕಿ. ಉತ್ತರ ಬರದಿದ್ದರೆ ಲಾರಿಗೆ ಮಾಲು ಹತ್ತಿಸಬೇಡಿ.

ನಮಸ್ಕಾರ.