ಚಿಪ್ಪುಗಲ್ಲಿನ ಕೋಟೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಫ್ಲಾರಿಡಾ ರಾಜ್ಯದ ಪೂರ್ವ ಕರಾವಳಿಯಲ್ಲಿ ಸೇಂಟ್ ಅಗಸ್ಟೀನ್ ಎಂಬ ಊರಿದೆ. ಸ್ಪೇನಿನ ಪೆದ್ರೊ ಮೆನೆಂದೆಸ್ ದೆ ಅವಿಲೆಸ್ ಎಂಬ ದಂಡನಾಯಕ 1565ರಲ್ಲಿ ಅದನ್ನು ನೆಲೆಗೊಳಿಸಿದ. ಆ ಊರಿನ ಅಂಚಿಗೆ, ಕೊಲ್ಲಿಯ ನೀರಿಗೆ ಮುಖ ಮಾಡಿ ನಿಂತಿರುವ ಕಸ್ತೀಯೊ ದೆ ಸಾನ್ ಮಾರ್ಕೋಸ್ ಎಂಬ ಕೋಟೆಯ ಚರಿತ್ರೆ ಈ ದಿನದ ನನ್ನ ಮಾತಿನ ವಿಷಯ.

ಅಲ್ಲಿ ಚಿನ್ನವಿರಲಿಲ್ಲ, ಬೆಳ್ಳಿಯಿರಲಿಲ್ಲ, ಹೇಳಿಕೊಳ್ಳುವಂಥ ಬೆಳೆಯೂ ಇರಲಿಲ್ಲ. ಮೆಕ್ಸಿಕೋ ಮತ್ತು ಪೆರುವಿನ ಬೆಳ್ಳಿಯನ್ನು ಹೊತ್ತ ಸ್ಪೇನಿನ ಹಡಗುಗಳು ಹವಾನಾದಲ್ಲಿ ಕೂಡಿಕೊಂಡು, ಗಲ್ಫ್ ಸ್ಟ್ರೀಮ್ ಎಂಬ ಸಾಗರ ಪ್ರವಾಹದ ಬಲದಿಂದ ಫ್ಲಾರಿಡಾದ ದಡದುದ್ದಕ್ಕೂ ಉತ್ತರಕ್ಕೆ ಸಾಗಿ, ಆಮೇಲೆ ಯೂರೋಪಿನ ಕಡೆಗೆ ತಿರುಗುತ್ತಿದ್ದವು. ಆ ದಾರಿಯನ್ನು ಕಾಯುವುದಕ್ಕೆಂದೇ ಹುಟ್ಟಿದ ಊರು ಅದು. ಕಾವಲಿನವರ ಸಂಬಳವೂ ಅವರು ತಿನ್ನುವ ರೊಟ್ಟಿಯ ಹಿಟ್ಟೂ ಹೊರಗಿನಿಂದ ಹಡಗಿನಲ್ಲೇ ಬರಬೇಕಾಗಿತ್ತು. ಬರಬೇಕಾದ ಹೊತ್ತಿಗೆ ಬರುತ್ತಿದ್ದುದು ಅಪರೂಪ.

ಹೀಗಾಗಿ ಮೊದಲ ನೂರು ವರ್ಷ ಅಲ್ಲಿದ್ದದ್ದು ಮರದ ಕೋಟೆಗಳೇ. ಒಂದು ಕೊಳೆತರೆ ಇನ್ನೊಂದು, ಅದು ಸುಟ್ಟರೆ ಮತ್ತೊಂದು ಎಂದು ಒಟ್ಟು 9 ಕೋಟೆಗಳಾದವು. 1586ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಬಂದು ಇಡೀ ಊರನ್ನೇ ಸುಟ್ಟುಹೋದ. ಹತ್ತಿರದಲ್ಲೇ ಕಲ್ಲು ಸಿಗುತ್ತದೆ ಎಂಬುದು ಸ್ಪೇನಿನವರಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ಕಲ್ಲುಕೋಟೆಗೆ ದುಡ್ಡು ಬೇಕು, ದುಡ್ಡಿಗೆ ಅರಮನೆಯ ಅಪ್ಪಣೆ ಬೇಕು. ದೂರದ ಮ್ಯಾಡ್ರಿಡ್‌ಗೆ ಈ ಬಡ ಊರಿನ ಅಹವಾಲು ಕೇಳಿಸುವಷ್ಟರಲ್ಲಿ ಒಂದು ಶತಮಾನವೇ ಕಳೆದುಹೋಯಿತು.

ಅದು ಕೇಳಿಸುವಂತೆ ಮಾಡಿದವನು ರಾಬರ್ಟ್ ಸರ್ಲ್ ಎಂಬ ಕಡಲ್ಗಳ್ಳ. ಜಮೈಕಾದಿಂದ ಹೊರಟ ಈತ 1668ರ ಮೇ ತಿಂಗಳಲ್ಲಿ, ಸೇಂಟ್ ಅಗಸ್ಟೀನಿಗೆ ಸಾಮಾನು ತರುತ್ತಿದ್ದ ಹಡಗನ್ನೇ ಹಿಡಿದು, ಅದರಲ್ಲಿ ತನ್ನವರನ್ನು ಅಡಗಿಸಿಕೊಂಡು ಬಂದರಿನ ಬಾಯಿಗೆ ಬಂದ. ಬಹುದಿನದಿಂದ ಕಾಯುತ್ತಿದ್ದ ಹಿಟ್ಟು ಬಂತೆಂದು ಜನ ನೆಮ್ಮದಿಯಾಗಿ ಮಲಗಿದರು. ನಡುರಾತ್ರಿ ಕೊಲ್ಲಿಯಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬ ಸಿಪಾಯಿಗೆ ಹಲವು ಹುಟ್ಟುಗಳು ನೀರು ಸೀಳುವ ಸದ್ದು ಕೇಳಿಸಿತು. ಅವನು ತನ್ನ ಕಿರುದೋಣಿಯನ್ನು ಕೋಟೆಯತ್ತ ಹಾಯಿಸಿದ; ಬೆನ್ನಟ್ಟಿದವರ ಎರಡು ಗುಂಡು ತಗುಲಿದರೂ ಕೋಟೆ ಮುಟ್ಟಿ ಕೂಗೆಬ್ಬಿಸಿದ. ಮರದ ಕೋಟೆ ಆ ರಾತ್ರಿ ಹೇಗೋ ಉಳಿಯಿತು, ಊರು ಉಳಿಯಲಿಲ್ಲ. ಸುಮಾರು 60 ಮಂದಿ ಬೀದಿಗಳಲ್ಲಿ ಸತ್ತರು. ಮನೆಗಳನ್ನೂ ಇಗರ್ಜಿಯನ್ನೂ ದೋಚಿದವರು, ಸೆರೆಸಿಕ್ಕವರಲ್ಲಿ ಸ್ಪೇನಿನವರನ್ನು ಒತ್ತೆಹಣ ಪಡೆದು ಬಿಟ್ಟು, ಮೂಲನಿವಾಸಿಗಳನ್ನೂ ಮಿಶ್ರ ಕುಲದವರನ್ನೂ ಗುಲಾಮರನ್ನಾಗಿ ಮಾರಲು ಒಯ್ದರು. ಊರನ್ನು ಸುಡಲಿಲ್ಲ, ಬದಲಿಗೆ ಹೊರಡುವ ಮುನ್ನ ಅಳಿವೆಯ ಆಳವನ್ನು ಅಳೆದುಕೊಂಡರು. ಊರವರನ್ನು ಹೆಚ್ಚು ಹೆದರಿಸಿದ್ದು ಇದೇ ಇರಬೇಕು, ಏಕೆಂದರೆ ಮರಳಿ ಬರುವ ಯೋಚನೆ ಇಲ್ಲದವನು ಆಳ ಅಳೆಯುವುದಿಲ್ಲ.

ಇಷ್ಟಾದ ಮೇಲೆ ಬಾಲಕ ದೊರೆಯ ಪರವಾಗಿ ಆಳುತ್ತಿದ್ದ ರಾಜಮಾತೆ ಮಾರಿಯಾನಾ ಕಲ್ಲುಕೋಟೆಗೆ ಹಣ ಕೊಡುವಂತೆ ಮೆಕ್ಸಿಕೋದಲ್ಲಿದ್ದ ಸ್ಪೇನಿನ ರಾಜಪ್ರತಿನಿಧಿಗೆ ಆಜ್ಞೆ ಕಳಿಸಿದಳು. 1670ರಲ್ಲಿ ಇಂಗ್ಲಿಷರು ಉತ್ತರದಲ್ಲಿ ಚಾರ್ಲ್ಸ್ ಟೌನ್ ಕಟ್ಟಿದ್ದು ಈ ಕೆಲಸಕ್ಕೆ ಇನ್ನಷ್ಟು ಅವಸರ ತಂದಿತು. ಹವಾನಾದಿಂದ ಬಂದ ಇಗ್ನಾಸಿಯೊ ದಾಸಾ ಎಂಬ ಎಂಜಿನಿಯರ್ ನಕ್ಷೆ ಹಾಕಿದ: ಚೌಕಾಕಾರ, ನಾಲ್ಕು ಮೂಲೆಗೆ ನಾಲ್ಕು ಚೂಪು ಕೊತ್ತಳ, ಸುತ್ತ ಕಂದಕ. 1672ರ ಅಕ್ಟೋಬರಿನಲ್ಲಿ ಕೆಲಸ ಮೊದಲಾಯಿತು.

ಇನ್ನು ಕಲ್ಲಿನ ಮಾತು. ಕೊಲ್ಲಿಯ ಆಚೆ ದಡದ ಅನಸ್ತೇಸಿಯಾ ದ್ವೀಪದಲ್ಲಿ ಕೊಕೀನಾ ಎಂಬ ಕಲ್ಲಿದೆ. ಅದನ್ನು ಕಲ್ಲೆನ್ನಬೇಕೋ ಬೇಡವೋ ಎಂಬ ಸಂಶಯ ನೋಡಿದವರಿಗೆ ಬಂದರೆ ತಪ್ಪಿಲ್ಲ. ಉಗುರಿನಷ್ಟಗಲದ ಬಳಚಿನ ಚಿಪ್ಪುಗಳು ಸಾವಿರಾರು ವರ್ಷ ಒಂದರ ಮೇಲೊಂದು ಬಿದ್ದು, ಅವುಗಳದೇ ಸುಣ್ಣ ಕರಗಿ ಅಂಟಾಗಿ, ಹೆಪ್ಪುಗಟ್ಟಿದ ಪದರ ಅದು. ಹತ್ತಿರದಿಂದ ನೋಡಿದರೆ ಒಂದೊಂದು ಚಿಪ್ಪಿನ ಅಂಚೂ ಕಾಣುತ್ತದೆ, ನಡುನಡುವೆ ಸಣ್ಣ ತೂತುಗಳೂ ಕಾಣುತ್ತವೆ. ನೆಲದಲ್ಲಿರುವಾಗ ಮೆತ್ತಗಿರುತ್ತದೆ, ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುತ್ತದೆ. ಮುರಕಲ್ಲಿನ ಮನೆಯಲ್ಲಿ ಹುಟ್ಟಿ ಬೆಳೆದ ನಮ್ಮ ಕರಾವಳಿಯವರಿಗೆ ಈ ಗುಣ ಹೊಸದಲ್ಲ. ಮಿರ್ಜಾನಿನ ಕೋಟೆ ನಿಂತಿರುವುದೂ ಹಾಗೆ ಗಾಳಿಯಲ್ಲಿ ಗಟ್ಟಿಯಾಗುವ ಕಲ್ಲಿನ ಮೇಲೆಯೇ. ಗಾರೆಗೂ ಅಲ್ಲಿ ಚಿಪ್ಪೇ ಗತಿಯಾಯಿತು: ಸಿಂಪಿಗಳನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡಿದರು. ಕಲ್ಲು ಕಡಿದವರೂ ಹೊತ್ತವರೂ ಬಹುಪಾಲು ಗ್ವಾಲೆ, ತಿಮುಕುವಾ, ಅಪಲಾಚೀ ಎಂಬ ಮೂಲನಿವಾಸಿ ಜನ. ದಿನಕ್ಕೆ ಒಂದು ರಿಯಾಲ್, ಅಂದರೆ ಸ್ಪೇನಿನ ಒಂದು ಬೆಳ್ಳಿ ನಾಣ್ಯ, ಕೂಲಿ, ಜೊತೆಗೆ ಮೆಕ್ಕೆಜೋಳ. ಗೋಡೆಗಳು 10 ಅಡಿಗೂ ಮಿಕ್ಕಿದ ದಪ್ಪಕ್ಕೆ ಎದ್ದು, ಕೋಟೆ ಮುಗಿದದ್ದು 1695ರಲ್ಲಿ. ಅಂದರೆ 23 ವರ್ಷ ಹಿಡಿಯಿತು. ಇದರ ನಡುವೆ 1683ರಲ್ಲಿ ಕಡಲ್ಗಳ್ಳರು ಮತ್ತೊಮ್ಮೆ ದಕ್ಷಿಣದ ದಡಕ್ಕಿಳಿದು ಊರಿನತ್ತ ನಡೆದು ಬಂದರು. ದಾರಿಯಲ್ಲಿ ಹೊಂಚಿ ಕೂತಿದ್ದ ಸಿಪಾಯಿಗಳ ಏಟು ತಿಂದು ಹಿಂದಿರುಗಿದರು.

ಕೋಟೆ ಮುಗಿಯುವ ಹೊತ್ತಿಗೆ ಕಡಲ್ಗಳ್ಳರ ಕಾಲವೇ ಇಳಿಮುಖವಾಗಿತ್ತು. ಅದರ ನಿಜವಾದ ಪರೀಕ್ಷೆ ಮಾಡಿದ್ದು ಇಂಗ್ಲಿಷರ ಸೈನ್ಯ. 1702ರ ಚಳಿಗಾಲದಲ್ಲಿ ಕೆರೊಲಿನಾದ ಗವರ್ನರ್ ಜೇಮ್ಸ್ ಮೂರ್ ಮುತ್ತಿಗೆ ಹಾಕಿದಾಗ ಸುಮಾರು 1,500 ಜನ ಒಳಗೆ ಸೇರಿಕೊಂಡರು. ದನಗಳನ್ನು ನೀರಿಲ್ಲದ ಕಂದಕಕ್ಕೆ ಇಳಿಸಿದರು. ಗುಂಡು ಬಿದ್ದಾಗ ಗೋಡೆ ಬಿರಿಯಲಿಲ್ಲ. ಗ್ರಾನೈಟಾಗಿದ್ದರೆ ಸಿಡಿದು ಸೀಳುತ್ತಿತ್ತು. ತೂತುಗಳಿಂದ ಕೂಡಿದ ಕೊಕೀನಾ ಒಳಕ್ಕೆ ಕುಗ್ಗಿ, ಏಟಿನ ರಭಸವನ್ನು ನುಂಗಿ, ಗುಂಡನ್ನು ಅಲ್ಲೇ ಹಿಡಿದಿಟ್ಟುಕೊಂಡಿತು. ಏಳು ವಾರ ಕಳೆದು ಹವಾನಾದಿಂದ ನೆರವಿನ ಹಡಗುಗಳು ಬಂದಾಗ ಮೂರ್ ಊರಿಗೂ ತನ್ನ ಹಡಗುಗಳಿಗೂ ಬೆಂಕಿಯಿಟ್ಟು ನೆಲದ ದಾರಿ ಹಿಡಿದ. 1740ರಲ್ಲಿ ಜಾರ್ಜಿಯಾದ ಜೇಮ್ಸ್ ಓಗಲ್‌ಥಾರ್ಪ್ ಬಂದು, ಕೋಟೆಗೆ ಕಲ್ಲು ಕೊಟ್ಟ ಅದೇ ಅನಸ್ತೇಸಿಯಾ ದ್ವೀಪದ ಮೇಲೆ ಫಿರಂಗಿಗಳನ್ನು ಹೂಡಿ 27 ದಿನ ಗುಂಡು ಹಾರಿಸಿದ. ಗಿಣ್ಣಿಗೆ ಚಾಕು ಚುಚ್ಚಿದ ಹಾಗಾಗುತ್ತದೆ ಎಂದು ಇಂಗ್ಲಿಷರ ಕಡೆಯವನೊಬ್ಬ ಬೇಸತ್ತು ಹೇಳಿದನಂತೆ.

ಮುಂದೆ 1763ರಲ್ಲಿ ಬ್ರಿಟಿಷರಿಗೆ, 1784ರಲ್ಲಿ ಮತ್ತೆ ಸ್ಪೇನಿಗೆ, 1821ರಲ್ಲಿ ಅಮೆರಿಕಕ್ಕೆ ಕೋಟೆ ಕೈಬದಲಾದದ್ದು ಒಪ್ಪಂದದ ಕಾಗದಗಳಿಂದ. ಅಮೆರಿಕದ ಸರ್ಕಾರ ಅದಕ್ಕೆ ಫೋರ್ಟ್ ಮೇರಿಯನ್ ಎಂದು ಹೆಸರಿಟ್ಟು ಸೆರೆಮನೆ ಮಾಡಿಕೊಂಡಿತು. ಸೆಮಿನೋಲ್ ಜನರ ನಾಯಕ ಓಸಿಯೋಲಾ 1837ರಲ್ಲಿ ಅಲ್ಲಿ ಬಂದಿಯಾಗಿದ್ದ. ಮೂಲನಿವಾಸಿಗಳ ಕೂಲಿಯಿಂದ ಎದ್ದ ಗೋಡೆಗಳು ಮೂಲನಿವಾಸಿಗಳನ್ನೇ ಕೂಡಿಹಾಕುವ ಕೆಲಸಕ್ಕೆ ಬಂದವು. 1942ರಲ್ಲಿ ಹಳೆಯ ಸ್ಪ್ಯಾನಿಷ್ ಹೆಸರು ಮರಳಿತು. ಕೊಲ್ಲಿಯ ಆಚೆ ಅನಸ್ತೇಸಿಯಾದಲ್ಲಿ ಕಲ್ಲು ಕಡಿದ ಹಳೆಯ ಕ್ವಾರಿಯ ಕುಳಿಗಳು ಗಿಡಗಂಟಿಗಳ ನಡುವೆ ಇಂದಿಗೂ ಉಳಿದಿವೆ.

ನಮಸ್ಕಾರ.