‘ಸಿ’ ಅನ್ನುವ ಮುಂಚೆ

ಕೇಳುಗರಿಗೆ ನಮಸ್ಕಾರ. ಇಟಲಿಯಲ್ಲಿ ಓದುವ, ದುಡಿಯುವ ನಮ್ಮವರು ಆಸ್ಪತ್ರೆಯಲ್ಲಿ ಎಡವುವುದು ಒಂದು ಪುಟ್ಟ ಪದದಲ್ಲಿ: ‘ಸಿ’. ಹೌದು ಎಂದರ್ಥ. ವೈದ್ಯರು ಬಿರುಸಾಗಿ ಹೇಳುತ್ತಿರುವಾಗ ನಾವು ಮರ್ಯಾದೆಗೆ ‘ಸಿ, ಸಿ’ ಅನ್ನುತ್ತೇವೆ. ನಮ್ಮ ಮನಸ್ಸಿನಲ್ಲಿ ಅದು ‘ಕೇಳಿಸಿಕೊಳ್ಳುತ್ತಿದ್ದೇನೆ’. ಅವರಿಗೆ ಕೇಳಿಸುವುದು ‘ಒಪ್ಪಿದ್ದೇನೆ’.

ಹಾಗಾಗಿ ಎರಡನ್ನೂ ಬೇರೆ ಮಾಡಿ ಹೇಳಿ. ಅರ್ಥವಾದರೆ ‘ಓ ಕಪೀತೊ’, ಆಗದಿದ್ದರೆ ‘ನೊನ್ ಓ ಕಪೀತೊ’. ಒಪ್ಪಿಗೆಗೆ ‘ಅಕ್ಕೊನ್ಸೆಂತೊ’, ಒಪ್ಪದಿದ್ದರೆ ‘ನೊನ್ ಅಕ್ಕೊನ್ಸೆಂತೊ’. ‘ಅಕ್ಕ’ ಅನ್ನುವಾಗಿನ ಒತ್ತು ಇಲ್ಲೂ ಬೇಕು. ಕೊನೆಯ ‘ತೊ’ ನಮ್ಮ ತಕಾರವೇ, ಟಕಾರವಲ್ಲ.

‘ಕೊನ್ಸೆನ್ಸೊ ಇನ್ಫೊರ್ಮಾತೊ’, ಅಂದರೆ ತಿಳಿದು ಕೊಡುವ ಒಪ್ಪಿಗೆ, ಎಂಬ ತಲೆಬರಹದ ಕಾಗದ ಕೈಗೆ ಬಂದರೆ ಪೆನ್ನು ಕೆಳಗಿಡಿ. ‘ವೊರ್ರೇಯ್ ಲೆಜ್ಜೆರೆ ಪ್ರೀಮ ದಿ ಫಿರ್ಮಾರೆ’: ಸಹಿಗೆ ಮುಂಚೆ ಓದಬೇಕು. ಆಮೇಲೆ ಮೂರು ಪ್ರಶ್ನೆ. ‘ಕ್ವಾಲಿ ಸೋನೊ ಇ ರಿಸ್ಕಿ?’ ಅಪಾಯಗಳೇನು? ‘ಚಿ ಸೋನೊ ಆಲ್ತೆರ್ನಾತೀವೆ?’ ಬೇರೆ ದಾರಿ ಇದೆಯೇ? ‘ಎ ಸೆ ನೊನ್ ಲೊ ಫಾಚ್ಚೊ?’ ಮಾಡಿಸದಿದ್ದರೆ ಏನಾಗುತ್ತದೆ? ಸಂಕೋಚ ಬೇಡ. 2017ರ 219ನೇ ಕಾನೂನಿನ ಪ್ರಕಾರ ಈ ಮೂರಕ್ಕೂ ಉತ್ತರ ತಿಳಿಯುವುದು ರೋಗಿಯ ಹಕ್ಕು. ಮಾತುಕತೆಗೆ ಹಿಡಿಯುವ ಸಮಯವೂ ಚಿಕಿತ್ಸೆಯ ಸಮಯವೇ ಎಂದು ಅದೇ ಕಾನೂನು ಬರೆದಿಟ್ಟಿದೆ. ಎಷ್ಟು ಒಳ್ಳೆಯ ಸಾಲು!

ಸಹಿ ಹಾಕಿದ ಮೇಲೂ ಮನಸ್ಸು ಬದಲಾದರೆ ‘ರೆವೊಕೊ ಇಲ್ ಕೊನ್ಸೆನ್ಸೊ’ ಅನ್ನಿ. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದೆಗೆದುಕೊಳ್ಳಬಹುದು.

ನಮ್ಮಲ್ಲಿ ಗಂಡನೋ ಮಗನೋ ಮುಂದೆ ನಿಂತು ಸಹಿ ಹಾಕುವುದು ರೂಢಿ. ಅಲ್ಲಿ ಪ್ರಜ್ಞೆಯಿರುವ, ತಾನೇ ನಿರ್ಧರಿಸಬಲ್ಲ ವಯಸ್ಕ ರೋಗಿ ತಾನೇ ಆ ಹೊಣೆ ವಹಿಸದ ಹೊರತು ಅವರ ಪರವಾಗಿ ಹೆಂಡತಿ, ಗಂಡ ಯಾರ ಒಪ್ಪಿಗೆಯೂ ನಡೆಯುವುದಿಲ್ಲ. ವಿವರಗಳನ್ನು ಮನೆಯವರಿಗೆ ಹೇಳಬೇಕಿದ್ದರೂ ರೋಗಿಯೇ ಅನುಮತಿ ಕೊಡಬೇಕು: ‘ಪ್ವೊ ಪರ್ಲಾರೆ ಕೊನ್ ಮಿಯೊ ಮರೀತೊ’, ನನ್ನ ಗಂಡನ ಜೊತೆ ಮಾತಾಡಬಹುದು. ಹೆಂಡತಿಯಾದರೆ ‘ಕೊನ್ ಮಿಯ ಮೊಲ್ಯೆ’.

ಭಾಷೆ ಕೈಕೊಟ್ಟರೆ ‘ವೊರ್ರೇಯ್ ಉನ್ ಇಂತೆರ್ಪ್ರೆತೆ’, ದುಭಾಷಿ ಬೇಕು. ಇಂಗ್ಲಿಷ್ ಗೊತ್ತಿದ್ದರೆ ಕೊನೆಗೆ ‘ಇಂಗ್ಲೇಸೆ’ ಸೇರಿಸಿ. ಕನ್ನಡದವರು ಸಿಗುವುದು ಕಷ್ಟ. ಅಲ್ಲಿನ ಶಾಲೆಗೆ ಹೋಗುವ ಮಗು ಇಟಾಲಿಯನ್ ಚೆನ್ನಾಗಿ ಮಾತಾಡುತ್ತದೆಂದು ತಾಯಿಯ ಗಡ್ಡೆಯ ವಿಷಯವನ್ನು ಅದರ ಬಾಯಲ್ಲಿ ಹೇಳಿಸಬೇಡಿ. ಮಗು ಹೆದರಿ ಅರ್ಧ ನುಂಗುತ್ತದೆ.

ಮನೆಗೆ ಹೊರಡುವಾಗ ‘ವೊರ್ರೇಯ್ ಕೋಪಿಯ ದೆಲ್ಲ ಕರ್ತೆಲ್ಲ ಕ್ಲೀನಿಕ’ ಎಂದು ದಾಖಲೆಯ ನಕಲು ಕೇಳಿ. ಲಿಖಿತ ಅರ್ಜಿ ಕೊಟ್ಟರೆ ಲಭ್ಯವಿರುವ ಕಾಗದಪತ್ರವನ್ನು 7 ದಿನದೊಳಗೆ ಒದಗಿಸಬೇಕೆಂದು 2017ರದೇ 24ನೇ ಕಾನೂನು ಹೇಳುತ್ತದೆ. ಅರ್ಜಿಯ ಒಂದು ನಕಲಿನ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಳ್ಳಿ. ದಿನ ಎಣಿಸುವುದು ಅಲ್ಲಿಂದ.